ತೊಂಬತ್ತೊಂಬತ್ತು ವರ್ಷದ ಗುತ್ತಿಗೆ

ಕಾಮನ್‌ವೀಲ್ ವಸಾಹತು, ಅಲಬಾಮಾ
ಮಾರ್ಚ್ 11, 1901

ಅಪ್ಪಾ,

ಎರಡು ವರ್ಷದಿಂದ ಒಂದಕ್ಷರ ಬರೆಯದ ಮಗಳು ಈಗ ಯಾಕೆ ಬರೆದಳು ಎಂದು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿರುತ್ತೀರಿ, ನನಗೆ ಗೊತ್ತು. ಸುತ್ತಿ ಬಳಸಿ ಹೇಳುವುದಿಲ್ಲ. ನನಗೆ ಮನೆಗೆ ಬರಬೇಕು. ಬೇಸಿಗೆ ಕಳೆಯಲು ಅಲ್ಲ. ನಿಮ್ಮ ಮೊಮ್ಮಗಳು ಹೆಟ್ಟಿಯನ್ನು ಕರೆದುಕೊಂಡು ಬಂದೇಬಿಡಬೇಕು.

ಗಂಡನಾಗಿ ಆಲ್ವಾ ಕೆಟ್ಟವನಲ್ಲ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಸುಳ್ಳಂತೂ ಹೇಳಲು ಬರುವುದೇ ಇಲ್ಲ. ಆದರೆ ನಮ್ಮ ಚಾವಣಿ ನಾಲ್ಕು ಕಡೆ ಸೋರುತ್ತಿದ್ದರೂ ಮೊಳೆ ಸುತ್ತಿಗೆ ಹಿಡಿದು ನೀರಿನೊಳಗೆ ಕಟ್ಟುತ್ತಿರುವ ಊರಿನ ಜೆಟ್ಟಿಗೆ ಹಲಗೆ ಹೊಡೆಯಲು ಓಡುತ್ತಾನೆ. ಸ್ಟೀಮರ್ ಬಂದು ನಿಲ್ಲುವ ಜೆಟ್ಟಿ ನಮ್ಮ ಮನೆಯ ದಿಬ್ಬದ ಕೆಳಗೇ ಆಗುತ್ತಿದೆ. ಅದಾದರೆ ಎಲ್ಲರ ಕಷ್ಟ ಪರಿಹಾರವಂತೆ. ಬಕೆಟ್ ಇಟ್ಟು ನೀರು ಹಿಡಿಯುವವಳು ನಾನು.

ಹೊರಟ ದಿನ ನೀವು ಕೇಳಿದ್ದಿರಿ, "ಅಲ್ಲಿ ನಿಂದು ಅಂತ ಏನಿರುತ್ತೆ?" ಎಂದು. ಈಗ ಉತ್ತರ ಹೇಳುತ್ತೇನೆ. ಮನೆ ನಮ್ಮದು. ಅಂಜೂರದ ಗಿಡ ನಮ್ಮದು. ಮೇಕೆ ನಮ್ಮದು. ಅವುಗಳ ಕೆಳಗಿನ ನೆಲ ಮಾತ್ರ ಊರಿನದು, ನಮಗೆ ತೊಂಬತ್ತೊಂಬತ್ತು ವರ್ಷದ ಗುತ್ತಿಗೆ. ಯಾರ ನೆಲಕ್ಕೆ ಎಷ್ಟು ಬಾಡಿಗೆ ಎಂದು ಪ್ರತಿ ಜನವರಿಯಲ್ಲಿ ಊರವರೇ ಕೂತು ಗೊತ್ತುಮಾಡುತ್ತಾರೆ, ಅದು ಬಿಟ್ಟರೆ ಬೇರೆ ತೆರಿಗೆ ಇಲ್ಲ. ಆರು ತಿಂಗಳು ಊರಲ್ಲಿ ಇಲ್ಲದಿದ್ದರೆ ಗುತ್ತಿಗೆ ರದ್ದಾಗಿ ನೆಲ ಊರಿಗೆ ಹೋಗುತ್ತದೆ. ಹೆಂಗಸರಿಗೂ ಮತವಿದೆ. ಗುತ್ತಿಗೆಯ ಕಾಗದಕ್ಕೆ ಗಂಡ ಹೆಂಡತಿ ಇಬ್ಬರೂ ರುಜು ಹಾಕಬೇಕು. ಇದೊಂದು ಭಾಗ್ಯ ನನಗೆ ಅಯೋವಾದಲ್ಲಿ ಇರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಹೆಟ್ಟಿಗೆ ನಾಲ್ಕು ತುಂಬಿತು. ನೆಲ ಎಲ್ಲರದು ಎಂದು ಅವಳಪ್ಪ ಎಷ್ಟು ಪಾಠ ಹೇಳಿದರೂ ಅವಳ ಬಾಯಲ್ಲಿ ಬರುವುದು ಒಂದೇ ಮಾತು, "ನಂದು". ಗೊಂಬೆ ನಂದು, ಮೇಕೆಮರಿ ನಂದು, ಕೊಲ್ಲಿ ನಂದು. ನಿಮ್ಮ ರಕ್ತ, ಎಲ್ಲಿ ಹೋಗುತ್ತದೆ?

ನಿಮ್ಮ ಮಗಳು,
ಆರ್ಫಾ ಕಿಟ್ರಿಜ್


ಸ್ಟ್ರೌಡ್ ಫಾರ್ಮ್, ಅಯೋವಾ
ಮಾರ್ಚ್ 25, 1901

ಆರ್ಫಾ,

ಬಾ.

ಇಷ್ಟೇ ಬರೆದು ಕಳಿಸಬೇಕೆಂದಿದ್ದೆ. ಎರಡು ಸೆಂಟಿನ ಅಂಚೆಚೀಟಿ ದಂಡವಾಗಬಾರದಲ್ಲ ಎಂದು ಇನ್ನೂ ಸ್ವಲ್ಪ ಬರೆಯುತ್ತಿದ್ದೇನೆ.

ನಿನ್ನ ಮದುವೆಗೆ ನಾನು ಕೊಟ್ಟ ಎಂಬತ್ತು ಎಕರೆ ಕರಿಮಣ್ಣನ್ನು ಮಾರಿ, ಯಾರಿಗೂ ನೆಲವೇ ಇರಬಾರದು ಅನ್ನುವ ಮಂದಿಯ ಕೈಗೆ ಹಣ ಸುರಿದವನು ನಿನ್ನ ಗಂಡ. ಮನೆಗೆ ಮಾರಿ, ಊರಿಗೆ ಉಪಕಾರಿ. ಅವನ ಮುಖ ನನಗೆ ಬೇಡ. ನೀನೂ ಮಗುವೂ ಬನ್ನಿ. ಜೂನ್‌ನಿಂದ ಯಾವಾಗ ಬೇಕಾದರೂ ಹತ್ತಬಹುದಾದ ಟಿಕೆಟ್ ಇದರೊಳಗಿದೆ. ಐದು ತುಂಬದ ಮಗುವಿಗೆ ಟಿಕೆಟ್ ಬೇಡವಂತೆ. ರೈಲಿನವರೂ ಒಮ್ಮೊಮ್ಮೆ ಧರ್ಮ ಮಾಡುತ್ತಾರೆ.

ಮೊಮ್ಮಗಳು "ನಂದು" ಅನ್ನುತ್ತಾಳೆ ಎಂದು ಓದಿ ಹೊಟ್ಟೆ ತಣ್ಣಗಾಯಿತು. ಈ ಸಲದ ಹಂದಿಮರಿಗಳಲ್ಲಿ ಒಂದನ್ನು ಅವಳ ಹೆಸರಿಗೆ ಬಿಟ್ಟಿದ್ದೇನೆ. ಯಾರ ಜೊತೆಗೂ ಹಂಚಿಕೊಳ್ಳಬೇಕಾಗಿಲ್ಲ ಎಂದು ಅವಳಿಗೆ ಹೇಳು.

ಇಂತು,
ಲೆಮ್ಯುಯೆಲ್ ಸ್ಟ್ರೌಡ್


ಕಾಮನ್‌ವೀಲ್
ಆಗಸ್ಟ್ 9, 1901

ಅಪ್ಪಾ,

ಟಿಕೆಟ್ಟನ್ನು ಇದರೊಳಗಿಟ್ಟು ವಾಪಸು ಕಳಿಸಿದ್ದೇನೆ. ಹೆಟ್ಟಿ ಹೋದಳು. ಜುಲೈ ಹತ್ತೊಂಬತ್ತಕ್ಕೆ. ಗಂಟಲಮಾರಿ. ಐದು ದಿನ ಇದ್ದಳು.

ಜೂನ್‌ನಲ್ಲಿ ಪೆಟ್ಟಿಗೆ ಕಟ್ಟಿ ಆಗಿತ್ತು. ಆಲ್ವಾ ತಡೆಯಲಿಲ್ಲ, ಕೂಗಾಡಲಿಲ್ಲ. "ಜುಲೈ ನಾಲ್ಕಕ್ಕೆ ಜೆಟ್ಟಿ ಶುರುವಾಗುತ್ತೆ. ಮೊದಲನೇ ಸ್ಟೀಮರ್ ಬರೋದನ್ನ ಮಗು ನೋಡ್ಲಿ, ಆಮೇಲೆ ಹೋಗಿ" ಅಂದ. ಅವನ ಮುಖ ನೋಡಿ ಆಗಲಿ ಅಂದೆ. ಸ್ಟೀಮರ್ ಬಂತು. ಬ್ಯಾಂಡ್ ಬಂತು, ಮೊಬೀಲ್ ಪಟ್ಟಣದಿಂದ ಮುನ್ನೂರು ಜನ ಬಂದರು. ಅವರ ಜೊತೆ ಕಾಯಿಲೆಯೂ ಇಳಿಯಿತು. ಈ ಮಾತನ್ನು ನಾನು ಅವನ ಮುಂದೆ ಆಡಿಲ್ಲ. ಆಡಬೇಕಾಗಿಯೂ ಇಲ್ಲ.

ಹೂಳಲು ಸ್ಮಶಾನವಿಲ್ಲ ನಮ್ಮಲ್ಲಿ. ಊರು ಕಟ್ಟಿದ ಮೊದಲ ವರ್ಷ ಎರಡು ಎಕರೆ ಅದಕ್ಕೆಂದು ಬಿಡೋಣ ಎಂದು ಯಾರೋ ಸಭೆಯಲ್ಲಿ ಹೇಳಿದರು. ಎದ್ದು ನಿಂತು ಬೇಡ ಅಂದವನು ಆಲ್ವಾ. "ಸತ್ತೋರು ನೆಲ ಹಿಡ್ಕೊಂಡು ಕೂತ್ರೆ ಬದುಕಿರೋರು ಎಲ್ಲಿಗೆ ಹೋಗ್ಬೇಕು? ಬಾಡಿಗೆ ಕೊಡದೆ, ಬಳಸದೆ ನೆಲ ಹಿಡ್ಕೊಳ್ಳೋದು ತಪ್ಪು ಅಂತಾನೇ ಅಲ್ವಾ ನಾವೆಲ್ಲ ಇಲ್ಲಿಗೆ ಬಂದಿದ್ದು?" ಎಂದ. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ಅಪ್ಪಾ. ನಾವೆಲ್ಲ ಮೂವತ್ತರ ಆಸುಪಾಸಿನ ಜನ, ಸಾಯುವವರು ಯಾರೂ ಇರಲಿಲ್ಲ. ಅವರವರ ಹಿತ್ತಿಲಲ್ಲೇ ಹೂಳುವುದು ಎಂದು ತೀರ್ಮಾನವಾಯಿತು.

ಅವಳನ್ನಿಡುವ ಪೆಟ್ಟಿಗೆಯನ್ನು ಆಲ್ವಾನೇ ಮಾಡಿದ, ಜೆಟ್ಟಿಗೆ ತಂದು ಮಿಕ್ಕಿದ್ದ ಹಲಗೆಯಲ್ಲಿ. ಪಕ್ಕದ ಮನೆಯ ವಿಧವೆ ಹಲ್ಡಾ ಪ್ರಿಬಲ್ ಸೋಂಕಿಗೂ ಹೆದರದೆ ಬಂದು ಗುಂಡಿ ತೋಡಲು ಕೈ ಕೊಟ್ಟಳು. ಮನೆಯ ಹಿಂದೆ, ಪೈನ್ ಮರದ ಬುಡದಲ್ಲಿ, ಕೊಲ್ಲಿ ಕಾಣುವ ಕಡೆ ಮಲಗಿಸಿದ್ದೇವೆ.

ಈಗ ನನಗೆ ಇಲ್ಲಿ ಮಾಡಲು ಏನೂ ಕೆಲಸವಿಲ್ಲ. ಆದರೂ ಎದ್ದು ಬರಲು ಕಾಲು ಏಳುತ್ತಿಲ್ಲ.

ಆರ್ಫಾ


ಸ್ಟ್ರೌಡ್ ಫಾರ್ಮ್
ಸೆಪ್ಟೆಂಬರ್ 6, 1901

ಮಗಳೇ,

ಏನು ಬರೆಯಬೇಕೋ ತೋಚದೆ ಮೂರು ವಾರ ಹೋಯಿತು. ಹಂದಿಗಳನ್ನೆಲ್ಲ ಮಾರಿದೆ. ಆ ಒಂದನ್ನು ಗಾಡಿಗೆ ಹತ್ತಿಸಲು ಆಳು ಬಂದಾಗ ಬೇಡ ಬಿಡೋ ಅಂದೆ. ಹುಚ್ಚು ಮುದುಕ ಅಂದುಕೊಂಡಿರಬೇಕು.

ಅವಳನ್ನು ಕರೆದುಕೊಂಡೇ ಬಾ. ನಿನ್ನ ಅಮ್ಮನ ಪಕ್ಕ ಜಾಗವಿದೆ. ಅದು ನನ್ನ ನೆಲ. ಅದರ ಕಾಗದ ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಅಲ್ಲಿಂದ ಅವಳನ್ನು ಯಾರೂ ಏಳಿಸುವುದಿಲ್ಲ. ಏನೇನು ಮಾಡಿಸಬೇಕೋ ಮಾಡಿಸು, ಖರ್ಚು ನನ್ನದು.

ಅಪ್ಪ


ಕಾಮನ್‌ವೀಲ್
ನವೆಂಬರ್ 17, 1901

ಅಪ್ಪಾ,

ಎರಡು ತಿಂಗಳು ಇದಕ್ಕೇ ಅಲೆದೆ. ರೈಲಿನವರು ಜಿಲ್ಲೆಯ ವೈದ್ಯರ ರುಜು ತನ್ನಿ ಅಂದರು. ವೈದ್ಯರು ಕುರ್ಚಿಯಿಂದ ಏಳಲೂ ಇಲ್ಲ. "ಗಂಟಲಮಾರಿ ಗುಂಡಿ ತೆಗೆಯೋದಕ್ಕೆ ನಾನು ರುಜು ಹಾಕೋನಲ್ಲ ತಾಯಿ. ಅಯೋವಾಕ್ಕೂ ಇಲ್ಲ, ಪಕ್ಕದ ಬೀದಿಗೂ ಇಲ್ಲ. ಊರಿಗೂರೇ ಹರಡಬೇಕಾ? ನಿಮಗೇನು ವಯಸ್ಸಾಗಿದೆಯಾ, ಇನ್ನೂ ಮಕ್ಕಳಾಗುತ್ವೆ" ಅಂದರು. ಅವರ ಮೇಜಿನ ಮೇಲೆ ಶಾಯಿಯ ಕುಡಿಕೆ ಇತ್ತು. ಎತ್ತಿ ಮುಖಕ್ಕೆ ಎರಚಬೇಕು ಅನ್ನಿಸಿತು. ನಮಸ್ಕಾರ ಹೇಳಿ ಬಂದೆ.

ಹಾಗಾದರೆ ನೀನೊಬ್ಬಳೇ ಬಾ ಅನ್ನುತ್ತೀರಿ. ಹೇಗೆ ಬರಲಿ? ಈ ನೆಲವನ್ನು ಆಲ್ವಾ ಎಷ್ಟು ದಿನ ಉಳಿಸಿಕೊಳ್ಳುತ್ತಾನೋ ನನಗೆ ನಂಬಿಕೆಯಿಲ್ಲ. ಬೇರೆಯವರು ಗುತ್ತಿಗೆ ಹಿಡಿದು ಪೈನ್ ಮರದ ಕೆಳಗೆ ಕೋಳಿಗೂಡು ಕಟ್ಟಿದರೆ ಕೇಳುವವರಿಲ್ಲ. ಇಲ್ಲಿದ್ದರೆ ಉಸಿರು ಕಟ್ಟುತ್ತದೆ, ಹೋದರೆ ಅವಳ ಮೇಲೆ ಯಾರೋ ಓಡಾಡುತ್ತಾರೆ. ಅತ್ತ ದರಿ, ಇತ್ತ ಪುಲಿ.

"ಕಟ್ಟಿಹಾಕಿದ ಮೇಕೆನೂ ಹಗ್ಗ ಇರೋಷ್ಟು ದೂರ ಮೇಯುತ್ತೆ ಕಣೇ. ನೀನು ಅದೂ ಮೇಯ್ತಿಲ್ಲ, ಮುಖ ನೋಡ್ಕೊ ಕನ್ನಡೀಲಿ" ಎಂದು ಹಲ್ಡಾ ಬೈದು, ಹುರಿದ ಮೀನು ಇಟ್ಟು ಹೋದಳು. ಅರ್ಧ ತಿಂದೆ.

ಆರ್ಫಾ


ಕಾಮನ್‌ವೀಲ್
ಜನವರಿ 30, 1902

ಅಪ್ಪಾ,

ನಾನು ಹೆದರಿದ್ದೇ ಆಯಿತು. ಆದದ್ದು ಹೇಗೆ ಎಂದರೆ ನೀವು ನಗುತ್ತೀರಿ. ನಗಿ, ನನಗೂ ಒಂದು ಸಲ ನಗು ಬಂತು.

ಜೆಟ್ಟಿ ಬಂದ ಮೇಲೆ ದಿಬ್ಬದ ಮೇಲಿನ ನೆಲಕ್ಕೆ ಬೆಲೆ ಬಂತಲ್ಲ, ಬಾಡಿಗೆ ಗೊತ್ತುಮಾಡುವ ಸಮಿತಿಯಲ್ಲಿ ಈ ಸಲ ಆಲ್ವಾನೂ ಇದ್ದ. ಉಳಿದವರು ನಮ್ಮ ನೆಲಕ್ಕೆ ಒಂಬತ್ತು ಡಾಲರ್ ಇದ್ದದ್ದನ್ನು ಇಪ್ಪತ್ತು ಮಾತ್ರ ಮಾಡೋಣ, ಪಾಪ ಮಗು ಕಳೆದುಕೊಂಡಿದ್ದಾರೆ ಎಂದರಂತೆ. ಇವನು ಬಿಡಲಿಲ್ಲ. "ಬೆಲೆ ಏರಿಸಿದ್ದು ಊರು. ನಾನೇನು ಮಾಡಿದೀನಿ? ಊರಿಂದು ಊರಿಗೆ ಸೇರ್ಬೇಕು" ಎಂದು ಮೂವತ್ತೆಂಟು ಬರೆಸಿ ಬಂದ. ತಂದೆ ಸತ್ತರೂ ತಕ್ಕಡಿ ಕೆಳಗಿಡದವನು! ಮೂವತ್ತೆಂಟು ಕೊಡಲು ನಮ್ಮ ಕೈಲಾಗುವುದಿಲ್ಲ. ಅಂಗಡಿಯ ಫಾಸ್ ಎಂಬವನು ಅಲ್ಲಿ ಹೋಟೆಲ್ ಕಟ್ಟುತ್ತೇನೆ, ಗುತ್ತಿಗೆ ನನಗೆ ಬಿಡಿ ಎಂದು ಕಾದಿದ್ದಾನೆ. ನಮಗೆ ಒಂದು ಮೈಲಿ ಹಿಂದೆ, ಜವುಗಿನ ಪಕ್ಕ ಆರು ಡಾಲರಿನ ನೆಲ.

ನಮ್ಮ ಮನೆಗಳನ್ನು ನೀವು ನೋಡಿಲ್ಲ. ಎಲ್ಲವೂ ಮರದ ದಿಂಡಿನ ಮೇಲೆ ನಿಂತಿವೆ. ನೆಲ ಬಿಡಬೇಕಾಗಿ ಬಂದರೆ ಕೆಳಗೆ ದುಂಡುಮರ ಕೊಟ್ಟು ಎತ್ತು ಕಟ್ಟಿ ಮನೆಯನ್ನೇ ಎಳೆಸಿಕೊಂಡು ಹೋಗುತ್ತಾರೆ. ಒಲೆಯ ಮೇಲಿನ ಪಾತ್ರೆ ಇಳಿಸದೆ ಮನೆ ಸಾಗಿಸಿದವರೂ ಇದ್ದಾರೆ. ಅಂಜೂರ ಬೇರುಸಮೇತ ಬರುತ್ತದೆ. ಮೇಕೆ ನಡೆದುಕೊಂಡು ಬರುತ್ತದೆ. ಹೆಟ್ಟಿ?

ಮೊನ್ನೆ ಸಭೆಯಲ್ಲಿ ಹಲ್ಡಾ ಎದ್ದು ಕೇಳಿದಳು. "ಆ ಮಗು ಮಲಗಿರೋ ಜಾಗ ಒಂದನ್ನ ಬಿಟ್ಟು ಉಳಿದದ್ದು ಫಾಸ್‌ಗೆ ಕೊಡೋಣ. ಅಷ್ಟಕ್ಕೆ ಬಾಡಿಗೆ ಬೇಡ, ಗುತ್ತಿಗೆ ಬೇಡ. ಅದನ್ನ ಯಾರೂ ಮುಟ್ಟಬಾರದು ಅಂತ ಬರೀರಿ" ಎಂದಳು. ಆಗಲಿ ಎಂದು ಇಪ್ಪತ್ತೊಂದು ಕೈ. ಆಗದು ಎಂದು ಇಪ್ಪತ್ತೊಂದು ಕೈ. ಕಾರ್ಯದರ್ಶಿ ಆನ್ಸೆಲ್ ಡ್ರೂರಿ ಎರಡೆರಡು ಸಲ ಎಣಿಸಿ, "ಕಿಟ್ರಿಜ್, ನೀನು ಯಾವ ಕಡೆಗೂ ಕೈ ಎತ್ತಲಿಲ್ವಲ್ಲಯ್ಯ" ಎಂದ.

ಆಲ್ವಾ ಎದ್ದ. ನಾನು ಅವನನ್ನೇ ನೋಡುತ್ತಿದ್ದೆ, ಅವನು ನೆಲ ನೋಡುತ್ತಿದ್ದ. "ನನ್ನ ಮಗು ಅಂತ ಇವತ್ತು ಬಿಟ್ರೆ, ನಾಳೆ ಒಬ್ಬ ನನ್ನ ತೋಟ ಅಂತಾನೆ, ನಾಡಿದ್ದು ಇನ್ನೊಬ್ಬ ನನ್ನ ಗೋದಾಮು ಅಂತಾನೆ. ಆಮೇಲೆ ನಮ್ಮೂರಿಗೂ ಬೇರೆ ಊರಿಗೂ ಏನು ವ್ಯತ್ಯಾಸ?" ಎಂದು ಆಗದು ಅನ್ನುವ ಕಡೆಗೆ ಕೈ ಎತ್ತಿದ.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಫಾಸ್ ಕೂಡ ತಲೆ ತಗ್ಗಿಸಿದ. ನಾನು ಮನೆಗೆ ಬಂದು ಅಡುಗೆ ಮಾಡಿ ಅವನಿಗೂ ತಟ್ಟೆ ಇಟ್ಟೆ. ಅಂದಿನಿಂದ ಅವನ ಜೊತೆ ಮಾತಿಲ್ಲ.

ಆರ್ಫಾ


ಕಾಮನ್‌ವೀಲ್
ಫೆಬ್ರವರಿ 20, 1902

ಮಾವನವರಿಗೆ,

ನನ್ನ ಅಕ್ಷರ ಕಂಡ ಕೂಡಲೇ ಒಲೆಗೆ ಹಾಕಬೇಡಿ, ಇಷ್ಟನ್ನು ಓದಿ ಹಾಕಿ.

ಸಭೆಯಲ್ಲಿ ನಾನು ಆಡಿದ ಮಾತು ಸರಿಯಾಗಿತ್ತು. ಅದರಲ್ಲಿ ತಪ್ಪು ಹುಡುಕಲು ಮೂರು ವಾರದಿಂದ ಪ್ರಯತ್ನಪಡುತ್ತಿದ್ದೇನೆ, ಸಿಗುತ್ತಿಲ್ಲ. ಆದರೆ ಆ ಮಾತು ಆಡಿದ ಊರಿನಲ್ಲಿ ನನ್ನಿಂದ ಇರಲಾಗುತ್ತಿಲ್ಲ. ಜನ ಎದುರಿಗೆ ಬಂದರೆ ಟೋಪಿ ಎತ್ತಿ ದಾರಿ ಬಿಡುತ್ತಾರೆ. ಅದನ್ನು ತಡೆಯಲಾಗುವುದಿಲ್ಲ. ಆರ್ಫಾ ಬೈದಿದ್ದರೆ, ತಟ್ಟೆಯನ್ನು ನನ್ನ ಮೇಲೆ ಎಸೆದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಹೊತ್ತು ಹೊತ್ತಿಗೆ ಬಡಿಸುತ್ತಾಳೆ.

ನಿಮ್ಮಲ್ಲಿ ಆಳಾಗಿ ದುಡಿಯುತ್ತೇನೆ. ಮನೆಯೊಳಗೆ ಬೇಡವಾದರೆ ಕೊಟ್ಟಿಗೆಯಲ್ಲಿ ಮಲಗುತ್ತೇನೆ. ಅವಳನ್ನು ಇಲ್ಲಿಂದ ಬಿಡಿಸಬೇಕು. ಫಾಸ್‌ಗೆ ಗುತ್ತಿಗೆ ಬರೆದುಕೊಡಲು ಅವಳ ರುಜು ಬೇಕು, ಕೇಳಲು ನನಗೆ ಬಾಯಿ ಬರುತ್ತಿಲ್ಲ. ನೀವೇ ಅವಳಿಗೆ ಬರೆಯಿರಿ.

ಆಲ್ವಾ ಕಿಟ್ರಿಜ್


ಸ್ಟ್ರೌಡ್ ಫಾರ್ಮ್
ಮಾರ್ಚ್ 8, 1902

ಆರ್ಫಾ,

ನಿನ್ನ ಗಂಡನ ಪತ್ರ ಬಂತು. ಒಲೆಗೆ ಹಾಕಲೆಂದೇ ಎದ್ದೆ. ಓದಿ ಕೂತೆ. ಅವನು ಮುಠ್ಠಾಳ ಎಂದು ಇವತ್ತೂ ಹೇಳುತ್ತೇನೆ. ಆದರೆ ಮುಠ್ಠಾಳನಿಗೂ ಮಗು ಸತ್ತಿದೆ. ಅವನೂ ಬರಲಿ. ಕೊಟ್ಟಿಗೆ ಬೇಡ, ಮನೆಯಲ್ಲೇ ಇರಲಿ. ನಾನು ಮಾತಾಡಿಸುತ್ತೇನೆ ಎಂದು ಮಾತ್ರ ಮಾತು ಕೊಡಲಾರೆ.

ಹಳ್ಳದ ಪಕ್ಕದ ನಲವತ್ತು ಎಕರೆಯನ್ನು ನಿನ್ನ ಹೆಸರಿಗೆ ನೋಂದಣಿ ಮಾಡಿಸಿದೆ. ಅಳಿಯನ ಹೆಸರಿಗಲ್ಲ, ನಿನ್ನ ಹೆಸರಿಗೆ. ಸ್ಟ್ರೌಡ್ ಮನೆತನದಲ್ಲಿ ಹೆಣ್ಣಿನ ಹೆಸರಿಗೆ ನೆಲ ಹೋದದ್ದು ಇದೇ ಮೊದಲು. ಕಾಗದ ಇದರೊಳಗಿದೆ. ಮುಟ್ಟಿ ನೋಡು. ಇದಕ್ಕೆ ಬಾಡಿಗೆ ಇಲ್ಲ, ಗಡುವಿಲ್ಲ, ನಿನ್ನನ್ನು ಏಳು ಅನ್ನಲು ಯಾವ ಸಭೆಗೂ ಹಕ್ಕಿಲ್ಲ.

ಒಂದು ಮಾತು ಒರಟಾಗಿ ಹೇಳುತ್ತೇನೆ, ಸಿಟ್ಟಾಗಬೇಡ. ಹೆಟ್ಟಿ ಎಲ್ಲಿಗೂ ಹೋಗುವುದಿಲ್ಲ, ಅವಳಿಗೆ ಯಾರ ಕಾವಲೂ ಬೇಡ. ನೀನು ಇನ್ನೂ ಬದುಕಿದ್ದೀಯ. ಬಾ ಮಗಳೇ.

ಅಪ್ಪ


ಕಾಮನ್‌ವೀಲ್
ಏಪ್ರಿಲ್ 14, 1902

ಅಪ್ಪಾ,

ಗುರುವಾರದ ಸ್ಟೀಮರಿಗೆ ಆಲ್ವಾ ಹೊರಡುತ್ತಾನೆ. ಭಾನುವಾರ ನಿಮ್ಮಲ್ಲಿರುತ್ತಾನೆ. ಒಬ್ಬನೇ.

ನಾನೂ ಹೊರಟಿದ್ದೆ. ನಿಮ್ಮ ಕಾಗದ ಬಂದ ದಿನವೇ ಪೆಟ್ಟಿಗೆ ತುಂಬಿದೆ. ಹಲ್ಡಾಳಿಗೆ ಮೇಕೆ ಕೊಟ್ಟೆ. ಹಳ್ಳದ ಪಕ್ಕದ ನೆಲದಲ್ಲಿ ಎಲ್ಲಿ ಬಾವಿ ತೋಡಿಸಬೇಕು ಎಂದೂ ಯೋಚಿಸಿದ್ದೆ. ಹಾಗೆ ಯೋಚಿಸುತ್ತಾ ಹಾಡು ಗುನುಗುತ್ತಿದ್ದೆನಂತೆ. ಆಲ್ವಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

ಮೊನ್ನೆ ಬೆಳಿಗ್ಗೆ ರುಜು ಹಾಕಲು ಡ್ರೂರಿಯ ಕಚೇರಿಗೆ ಹೋದೆವು. ಫಾಸ್ ಆಗಲೇ ಬಂದಿದ್ದ. ಹೋಟೆಲಿನ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಇಲ್ಲಿ ಊಟದ ಮನೆ, ಇಲ್ಲಿ ಕುದುರೆ ಲಾಯ ಎಂದು ತೋರಿಸುತ್ತಿದ್ದ. ಪಾಪ, ಅವನಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಲಾಯದ ಗೆರೆ ಪೈನ್ ಮರದ ಮೇಲೆ ಹಾದುಹೋಗಿತ್ತು. ಡ್ರೂರಿ ಲೇಖನಿ ಅದ್ದಿ ನನ್ನ ಕೈಗೆ ಕೊಟ್ಟ. ನನ್ನ ಕೈ ಅದನ್ನು ಕೆಳಗಿಟ್ಟಿತು.

"ರುಜು ಹಾಕ್ತೀನಿ. ಆದ್ರೆ ಆ ಮೂಲೇಲಿ ಆರಡಿ ಮೂರಡಿ ನನ್ನ ಹೆಸರಿಗೆ ಬೇರೆ ಗುತ್ತಿಗೆ ಬರೀರಿ. ಪುಕ್ಕಟೆ ಬೇಡ. ಬಾಡಿಗೆ ಕೊಡ್ತೀನಿ, ಎಲ್ಲರ ಹಾಗೆ" ಎಂದೆ.

ಫಾಸ್, "ಅಯ್ಯೋ, ಅಷ್ಟರಲ್ಲಿ ನನಗೇನು ಕಮ್ಮಿಯಾಗುತ್ತಮ್ಮ, ಲಾಯ ಆ ಕಡೆ ತಿರುಗಿಸ್ಕೋತೀನಿ" ಎಂದ. ಡ್ರೂರಿಗೆ ಮಾತ್ರ ಅನುಮಾನ. ಇಷ್ಟು ಚಿಕ್ಕ ಜಾಗ ಯಾರೂ ಕೇಳಿದ್ದಿಲ್ಲ, ಕೊಡಬಹುದೋ ಇಲ್ಲವೋ ಎಂದು ಆಲ್ವಾನ ಕಡೆ ನೋಡಿದ. ನಿಯಮಗಳೆಲ್ಲ ಬಾಯಿಪಾಠ ಇರುವುದು ಅವನೊಬ್ಬನಿಗೆ ತಾನೇ?

ಆಲ್ವಾ ನಕ್ಷೆಯಲ್ಲಿ ಆ ಮೂಲೆಯ ಮೇಲೆ ಬೆರಳಿಟ್ಟ. "ಇಷ್ಟಕ್ಕಿಂತ ಕಮ್ಮಿ ಇರಬಾರದು ಅಂತ ಎಲ್ಲೂ ಬರೆದಿಲ್ಲ. ಕೊಡಬಹುದು" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಆದ್ರೆ ಆರ್ಫಾ, ಆರು ತಿಂಗಳು ಊರಲ್ಲಿ ಇಲ್ದೇ ಇದ್ರೆ..." ಎಂದು ಅರ್ಧಕ್ಕೇ ನಿಲ್ಲಿಸಿದ.

"ಗೊತ್ತು" ಎಂದೆ.

ಅವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತ. ಮಗು ಸತ್ತಾಗಲೂ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ. ಒಳಗೆ ಡ್ರೂರಿ ಹೊಸ ಕಾಗದ ತೆಗೆದು ತುಂಬತೊಡಗಿದ.

"ಯಾವ ಉಪಯೋಗಕ್ಕೆ ಅಂತ ಬರೀಬೇಕಲ್ಲಮ್ಮ. ಬೇಸಾಯ, ವ್ಯಾಪಾರ, ವಾಸ, ಈ ಮೂರರಲ್ಲಿ ಒಂದು."

"ವಾಸ."

ಅವನು ಬರೆದ. "ಯಾರ ವಾಸ ಅಂತ?"

"ತಾಯಿ ಮಗಳು ಇಬ್ಬರದೂ ಅಂತ ಬರೀರಿ."

ಅದನ್ನೂ ಬರೆದ. ವರ್ಷಕ್ಕೆ ಹತ್ತು ಸೆಂಟ್.

ನನಗೆ ಇಲ್ಲಿರಲು ಇಷ್ಟವಿದೆ ಎಂದುಕೊಳ್ಳಬೇಡಿ, ಅಪ್ಪಾ. ಬಂದ ದಿನದಿಂದ ಒಂದು ದಿನವೂ ಇರಲಿಲ್ಲ. ಈ ಊರನ್ನು ನಂಬಿ ಬಂದವನು ಹೊರಟ, ಅವನ ಹಿಂದೆ ಸುಮ್ಮನೆ ಬಂದವಳು ಸಿಕ್ಕಿಹಾಕಿಕೊಂಡೆ. ಒಮ್ಮೊಮ್ಮೆ ಹೆಟ್ಟಿಯ ಮೇಲೇ ಕೋಪ ಬರುತ್ತದೆ. ಸೆರಗು ಹಿಡಿದು ಬಿಡದ ಮಗುವಿನ ಮೇಲೆ ಬರುತ್ತದಲ್ಲ, ಅಂಥ ಕೋಪ. ಆಮೇಲೆ ಹೋಗಿ ಅಲ್ಲಿ ಬಿದ್ದ ಪೈನ್ ಎಲೆ ಗುಡಿಸಿ ಬರುತ್ತೇನೆ. ಫಾಸ್‌ನ ಹೋಟೆಲಿನಲ್ಲಿ ಅಡುಗೆಯ ಕೆಲಸ ಒಪ್ಪಿಕೊಂಡಿದ್ದೇನೆ. ಕಟ್ಟಡ ಏಳುವವರೆಗೆ ಹಲ್ಡಾಳ ಮನೆಯಲ್ಲಿರುತ್ತೇನೆ. ನನಗೆ ಮೂವತ್ತೊಂದು. ಸ್ಟ್ರೌಡ್ ಮನೆತನದ ಹೆಂಗಸರು ಎಂಬತ್ತರವರೆಗೆ ಬದುಕುತ್ತಾರೆ ಎಂದು ನೀವೇ ಹೇಳುತ್ತಿದ್ದಿರಿ.

ನಲವತ್ತು ಎಕರೆಯ ಕಾಗದವನ್ನು ಆಲ್ವಾನ ಕೈಯಲ್ಲಿ ವಾಪಸು ಕಳಿಸುತ್ತಿದ್ದೇನೆ. ಅವನನ್ನು ಮಾತಾಡಿಸಿ, ಬೈದಾದರೂ ಮಾತಾಡಿಸಿ. ಚಾವಣಿ ಕೆಲಸ ಚೆನ್ನಾಗಿ ಬರುತ್ತದೆ, ಹೇಳಿದರೆ ಮಾಡುತ್ತಾನೆ.

ಒಂದೇ ಒಂದು ಬೇಡಿಕೆ. ಇನ್ನು ಮೇಲೆ ನನಗೆ ಬಾ ಎಂದು ಬರೆಯಬೇಡಿ. ಬೆಳೆ ಬಗ್ಗೆ ಬರೆಯಿರಿ, ಹಂದಿ ಬಗ್ಗೆ ಬರೆಯಿರಿ, ಮಳೆ ಬಂತೋ ಇಲ್ಲವೋ ಬರೆಯಿರಿ. ಅದೊಂದನ್ನು ಮಾತ್ರ ಬರೆಯಬೇಡಿ. ಇನ್ನೊಂದು ಸಲ ಬರೆದರೆ ನಾನು ಬಂದುಬಿಡುತ್ತೇನೆ.

ನಿಮ್ಮ ಮಗಳು,
ಆರ್ಫಾ